ಹರಕೆಯ ತೊಟ್ಟಿಲಿಗೆ ಬಳಿದ ಸುಣ್ಣ

ಇವತ್ತು ಏಕಾದಶಿ, ಉಪವಾಸ. ಪಾತ್ರೆ ತೊಳೆದು ದೀಪ ಹಚ್ಚಿ ಬಂದರೆ, ಮಗಳು ಪುಟ್ಟ ವಿಮಾನದ ಮಾದರಿಗೆ ಪ್ರೈಮರ್ ಬಳಿಯುತ್ತಿದ್ದಳು. "ಇದು ಸರಿಯಿಲ್ದಿದ್ರೆ ಬಣ್ಣ ನಿಲ್ಲಲ್ಲಮ್ಮ" ಅಂದಳು. ನಾನು ಅಲ್ಲೇ ಕೂತು ಇದನ್ನು ಬರೆಯತೊಡಗಿದೆ.

ನಾನು ಚಿಕ್ಕವಳಿದ್ದಾಗ, ಮಕ್ಕಳಿಲ್ಲದ ಚಿಕ್ಕಮ್ಮನ ಹರಕೆಗೆಂದು ಅಪ್ಪ ಗೇಣುದ್ದದ ಮರದ ತೊಟ್ಟಿಲು ಮಾಡಿದ್ದರು. "ಹುಣಸೆಬೀಜದ ಅಂಟಿಗೆ ಸೀಮೆಸುಣ್ಣದ ಪುಡಿ ಕಲಸಿ ಬಳಿಯವ್ವಾ, ಆಮ್ಯಾಕೆ ನಾನು ಬಣ್ಣ ಹಾಕ್ತೀನಿ" ಅಂದರು. ಬೀಜ ಅರೆಯಲು ಬೇಸರವಾಗಿ ನಾನು ಗೋಡೆಯ ಸುಣ್ಣವನ್ನೇ ಬಳಿದುಬಿಟ್ಟೆ.

ಗುಡಿಯ ಮುಂದೆ ಚಿಕ್ಕಮ್ಮ ತೊಟ್ಟಿಲು ಎತ್ತಿದರೆ ಕೆಂಪು ಬಣ್ಣ ಹಕ್ಕಳೆಯಾಗಿ ಉದುರಿತು. "ದ್ಯಾವ್ರಿಗೇ ಬ್ಯಾಡ್ವಂತೆ ಕಣಕ್ಕಾ" ಎಂದು ಅಮ್ಮನಿಗೆ ಹೇಳಿ, ಅದನ್ನು ಸೆರಗಿನಲ್ಲಿ ಸುತ್ತಿ ಹಿಂದಕ್ಕೆ ತಂದರು. ಮತ್ತೆಂದೂ ಹರಕೆ ಹೊರಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಚಿಕ್ಕಮ್ಮ ಈಗಲೂ ಹರದನಹಳ್ಳಿಯಲ್ಲಿದ್ದಾರೆ. ಅತ್ತ ಹೋಗುವವರು ಯಾರಾದರೂ ಇದನ್ನು ಅವರಿಗೆ ಓದಿ ಹೇಳಿ, ಅವರ ಉತ್ತರ ತಂದುಕೊಡಿ. ಬೈದರೆ ಬೈದ ಹಾಗೆಯೇ ತಿಳಿಸಿ.