ಒಂದು ಸಂತೆ ದಾಟಿದರೆ ಪಾರು

ಕಾಲುವೆ ಅಗೆಯುವ ನಮ್ಮ ತಂಡದಲ್ಲಿ ಒಂದು ಲೆಕ್ಕವಿತ್ತು. ಪೇಟೆಯ ಹೆಣ್ಣಿನ ಹತ್ತಿರ ಹೋಗಿ ಬಂದವನು ಒಂದು ಸಂತೆ ದಾಟುವವರೆಗೆ ಕಾಯಬೇಕು. ಆ ವಾರದಲ್ಲಿ ಉಚ್ಚೆ ಉರಿಯದಿದ್ದರೆ, ಕೀವು ಕಾಣದಿದ್ದರೆ ಪಾರಾದ ಹಾಗೆ. ನಮ್ಮಲ್ಲಿ ಯಾರಿಗೂ ಓದು ಬರುತ್ತಿರಲಿಲ್ಲ. ಜ್ವರ, ಬಸುರು, ಬಾಣಂತನ ಎಲ್ಲವನ್ನೂ ಸಂತೆಯಿಂದ ಸಂತೆಗೆ ಎಣಿಸುತ್ತಿದ್ದೆವು. ನಾನು ಅಕ್ಷರ ಕಲಿತದ್ದು ಮೂವತ್ತು ದಾಟಿದ ಮೇಲೆ. ಈಗ ಒಂದೊಂದೇ ಕೀಲಿ ಒತ್ತಿ ಇದನ್ನು ಬರೆಯುತ್ತಿದ್ದೇನೆ, ಏಕೆಂದರೆ ಆ ಲೆಕ್ಕ ತಪ್ಪು.

ಮದುವೆಯಾಗಿ ವರ್ಷ ತುಂಬಿರಲಿಲ್ಲ. ಹೆಂಡತಿ ಪಂಚಮಿಗೆಂದು ತವರೂರು ಮುಕ್ಕುಂದಕ್ಕೆ ಹೋಗಿದ್ದಳು. ನಮ್ಮ ಕೆಲಸ ಸಿಂಧನೂರಿನ ಹತ್ತಿರ. ಒಂದು ಸಂತೆಯ ದಿನ ಮಧ್ಯಾಹ್ನ ನಮ್ಮ ತಂಡದ ಮೇಸ್ತ್ರಿಯ ಜತೆ ಪೇಟೆಯ ಹಿಂದಿನ ಓಣಿಯ ಒಂದು ಮನೆಗೆ ಹೋದೆ. ಅವನು ನನ್ನನ್ನು ಎಳೆದೊಯ್ಯಲಿಲ್ಲ. ನಾನೇ ಹೋದೆ.

ಮುಂದಿನ ಸಂತೆ ಬಂತು. ಉರಿಯಿಲ್ಲ, ನೋವಿಲ್ಲ. ಮೇಸ್ತ್ರಿ ಬೆನ್ನು ತಟ್ಟಿದ.

“ಪಾರಾದಿ ಬಿಡಲೇ ಮಗನ! ನನಗ ಮೂರನೇ ದಿನಕ್ಕ ಬೆಂಕಿ ಹತ್ತಿತ್ತು. ಹೋಗು, ಹೇಣ್ತಿನ ಕರಕೊಂಡು ಬಾ.”

ಅವಳನ್ನು ಕರೆತರಲು ಹೊರಟೇಬಿಡುತ್ತಿದ್ದೆ. ಆದರೆ ಕಾಲಿಗೆ ಹಾರೆ ತಾಗಿದ ಗಾಯ ಬಾತುಕೊಂಡು, ಮೊದಲು ಮಸ್ಕಿಯ ನಮ್ಮ ಮನೆಗೆ ಹೋಗಿ, ಅಲ್ಲಿಂದ ಲಿಂಗಸುಗೂರಿನ ದವಾಖಾನೆಗೆ ಬಸ್ಸು ಹತ್ತಬೇಕಾಯಿತು. ಡಾಕ್ಟರು ಪಟ್ಟಿ ಕಟ್ಟುತ್ತಿದ್ದರು. ಹತ್ತಿರ ಯಾರೂ ಇರಲಿಲ್ಲ.

“ಸಾಹೇಬ್ರ, ನಮ್ಮ ಗೆಳ್ಯಾ ಒಬ್ಬಾಂವ ಅದಾನ್ರಿ. ಹೋಗಬಾರದ ಕಡೆ ಹೋಗ್ಯಾನ. ಒಂದು ಸಂತಿ ದಾಟೈತಿ, ಏನೂ ಆಗಿಲ್ಲ. ಪಾರಾದಂಗ ಹೌದಿಲ್ರಿ?”

“ನಿನ್ನ ಗೆಳ್ಯಾಗ ಹೇಣ್ತಿ ಅದಾಳೇನು?”

“ತವರಮನ್ಯಾಗ ಅದಾಳ್ರಿ.”

“ಹಂಗಾರ ಅಲ್ಲೇ ಇರಲಿ ಅಂತ ಹೇಳು ನಿನ್ನ ಗೆಳ್ಯಾಗ.”

ಆಮೇಲೆ ಬಿಡಿಸಿ ಹೇಳಿದರು. ಉರಿ ಮತ್ತು ಕೀವಿನ ರೋಗ ಸಾಮಾನ್ಯವಾಗಿ ಎರಡು ದಿನದಿಂದ ಒಂದು ವಾರದೊಳಗೆ ಕಾಣುತ್ತದೆ, ಕೆಲವರಿಗೆ ಎರಡು ವಾರಕ್ಕೆ. ಎಷ್ಟೋ ಜನರಿಗೆ, ಅದರಲ್ಲೂ ಹೆಂಗಸರಿಗೆ, ಕಾಣುವುದೇ ಇಲ್ಲ. ಇನ್ನೊಂದು ರೋಗವಿದೆ. ಅದರ ಹುಣ್ಣು ಹೆಚ್ಚಾಗಿ ಮೂರು ವಾರಕ್ಕೆ ಏಳುತ್ತದೆ. ಹತ್ತು ದಿನಕ್ಕೂ ಏಳಬಹುದು, ಮೂರು ತಿಂಗಳಿಗೂ ಏಳಬಹುದು. ನೋಯುವುದಿಲ್ಲ. ತಾನಾಗಿಯೇ ಮಾಯುತ್ತದೆ, ರೋಗ ಮಾತ್ರ ಒಳಗೇ ಉಳಿಯುತ್ತದೆ. ಇವತ್ತೇ ರಕ್ತ ತೆಗೆದರೆ ಚೊಕ್ಕವಾಗಿದೆ ಅಂತಲೇ ಬರಬಹುದು.

“ಹದಿಮೂರು ಸಂತಿ ಎಣಿಸು. ಅಲ್ಲೀತನಕ ಆಕೀನ ಮುಟ್ಟಬ್ಯಾಡ. ನಡುವ ಹುಣ್ಣು ಕಂಡ್ರ ಅವತ್ತೇ ಬಾ. ಕಾಣದಿದ್ರೂ ರಕ್ತ ಕೊಡಾಕ ಬಾ.”

ಗೆಳೆಯನ ಮಾತು ಬಿಟ್ಟು ಅವರು ನನಗೇ ಹೇಳಿದ್ದರೆಂದು ಬಸ್ಸಿನಲ್ಲಿ ಕುಳಿತ ಮೇಲೆ ಹೊಳೆಯಿತು.

ಹದಿಮೂರು ಸಂತೆ ಎಂದರೆ ದೀಪಾವಳಿಯ ಹೊತ್ತು. ಅಷ್ಟು ದಿನ ಹೆಂಡತಿಯನ್ನು ತವರಿನಲ್ಲಿ ಬಿಟ್ಟರೆ ಊರು ಸುಮ್ಮನಿರುತ್ತದೆಯೇ? ಕಾಲಿನ ಗಾಯ ಮಾದ ಮೇಲೂ ಪಟ್ಟಿ ಬಿಚ್ಚಲಿಲ್ಲ, ಅದೇ ನನ್ನ ನೆಪ. ಒಮ್ಮೆ ಅತ್ತೆ ಕೆಲಸದ ಜಾಗಕ್ಕೇ ಬಂದಳು.

“ಏನ್ರಿ ಅಳಿಯಂದ್ರ, ಕಾಲುವಿಗೆ ನೀರು ಬಂದ ಮ್ಯಾಲೆ ಕರೀತೀರೇನು ನನ್ನ ಮಗಳನ್ನ?”

ನಾನು ಪಟ್ಟಿ ತೋರಿಸಿದೆ. ಅವಳು ಪಟ್ಟಿಯನ್ನು ನೋಡಲಿಲ್ಲ, ನನ್ನ ಮುಖವನ್ನೇ ನೋಡಿದಳು.

ಮೂರನೇ ಸಂತೆ ಕಳೆದ ಎರಡು ದಿನಕ್ಕೆ, ಸ್ನಾನ ಮಾಡುವಾಗ ಕೈಗೆ ಸಿಕ್ಕಿತು: ಜೋಳದ ಕಾಳಿನಷ್ಟು ಹುಣ್ಣು, ಅಂಚು ಗಟ್ಟಿ. ಒತ್ತಿದೆ, ನೋಯಲಿಲ್ಲ. ಡಾಕ್ಟರು ಹೇಳಿರದಿದ್ದರೆ ಸೆಕೆಯ ಗುಳ್ಳೆ ಎಂದು ಮರೆಯುತ್ತಿದ್ದೆ. ಮೇಸ್ತ್ರಿಯ ಮಾತು ಕೇಳಿದ್ದರೆ ಅಷ್ಟರಲ್ಲಿ ಹೆಂಡತಿ ನನ್ನ ಮನೆಯಲ್ಲಿರುತ್ತಿದ್ದಳು.

ಲಿಂಗಸುಗೂರಿನಲ್ಲಿ ರಕ್ತ ತೆಗೆದರು, ಎರಡೂ ಕುಂಡಿಗೆ ಸೂಜಿ ಚುಚ್ಚಿದರು. ಆ ಓಣಿಯ ಹೆಣ್ಣನ್ನೂ ಕಳಿಸು ಎಂದರು. ಹೋಗಿ ಹೇಳಿದೆ. “ನನಗೇನೂ ಆಗಿಲ್ಲಲ್ಲೋ ಯಣ್ಣಾ,” ಎಂದಳು. ಹಾಗೆ ಕಾಣದೆಯೂ ಇರುತ್ತದಂತೆ ಎಂದೆ. ದವಾಖಾನೆ ಎಲ್ಲಿದೆ ಎಂದು ಕೇಳಿದಳು. ಮೇಸ್ತ್ರಿಗೂ ಹೇಳಿದೆ. ಅವನು ನಕ್ಕ.

ಹದಿಮೂರು ಸಂತೆಯಾದವು. ಡಾಕ್ಟರು ಮತ್ತೆ ರಕ್ತ ನೋಡಿ, ಇನ್ನು ಹೆದರಬೇಡ ಎಂದರು. ಮುಕ್ಕುಂದಕ್ಕೆ ಹೋದೆ. ಹಿತ್ತಲಲ್ಲಿ ಹೆಂಡತಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಎದುರಿಗೆ ಕುಳಿತು ಎಲ್ಲ ಹೇಳಿದೆ. ಮೊರ ನಿಂತಿತು.

“ಓಣ್ಯಾಗ ಎಲ್ಲಾರೂ ಗಂಡ ಕೈಬಿಟ್ಟಾನ ಅಂದ್ರು. ನಾ ಏನು ತಪ್ಪು ಮಾಡೀನಿ ಅಂತ ದಿನಾ ನೆನಸಾಕತ್ತಿದ್ದೆ.”

“ನಿನಗ ತಗಲಬಾರದು ಅಂತ...”

“ಅದು ತಿಳೀತು. ನಿನ್ನ ಸಂತಿ ಮುಗದ್ವೇನು?”

“ಮುಗದಾವ.”

“ನನ್ನವು ಈಗ ಚಾಲೂ ಆದ್ವು. ಕರದಾಗ ಬಾ.”

ಮೊರ ಮತ್ತೆ ಆಡತೊಡಗಿತು. ನಾನು ಒಬ್ಬನೇ ಮಸ್ಕಿಗೆ ಬಂದೆ. ಆರನೇ ಸಂತೆಗೆ, ಅವಳು ಬರಹೇಳಿದ್ದಾಳೆಂದು ಮಾವನಿಂದ ಕರೆ ಬಂತು.