ಇಂದೇ ಕಡೇ ಆಟ ಎಂದವನ ಅಕ್ಕ

ಅಕ್ಕನ ಬಲಗೈ ತೋರುಬೆರಳು ಸದಾ ಹಳದಿಯಾಗಿರುತ್ತಿತ್ತು. ನಸುಕಿನಲ್ಲಿ ಎದ್ದು ಪಲ್ಯಕ್ಕೆ ಒಗ್ಗರಣೆ ಹಾಕಿ, ಬುತ್ತಿ ಕಟ್ಟಿಕೊಂಡು ಧಾರವಾಡದ ಬಸ್ಸಿಗೆ ಓಡುವವಳಿಗೆ ಅರಿಶಿಣ ಹೋಗುವ ಹಾಗೆ ಕೈ ತಿಕ್ಕಿಕೊಳ್ಳಲು ಪುರುಸೊತ್ತು ಇರುತ್ತಿರಲಿಲ್ಲ. ಸಂಜೆ ತಿರುಗಿ ಬಂದವಳು ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಎದುರಿಗಿದ್ದ ಇಂಟರ್‌ನೆಟ್ ಸೆಂಟರಿನ ಮಹಡಿ ಹತ್ತಿ, ಆ ಒಂದೇ ಬೆರಳಿನಿಂದ ಕಂಪ್ಯೂಟರಿನ ಕೀಲಿಗಳನ್ನು ಕುಟ್ಟುತ್ತಿದ್ದಳು, ಕೋಳಿ ಕಾಳು ಹೆಕ್ಕುವ ಹಾಗೆ. ಸೆಂಟರಿನ ಹುಡುಗ ನಗುತ್ತಿದ್ದ.

"ಅಕ್ಕಾರ, ನೀವು ಎದ್ದು ಹೋದ ಮ್ಯಾಲ ಈ ಮಷಿನ್ನಿಗೆ ಪೂಜಾ ಮಾಡಿದಂಗ ಕಾಣತೈತ್ರಿ."

"ಹಂಗಿದ್ರ ಊದಿನಕಡ್ಡಿ ನೀ ಹಚ್ಚಪಾ," ಎನ್ನುತ್ತಿದ್ದಳು ಅಕ್ಕ, ತಲೆ ಎತ್ತದೆ.

ಅವಳನ್ನು ಸಾಲಹಳ್ಳಿಗೆ ಕೊಟ್ಟಿದ್ದರು. ಎರಡು ವರ್ಷಕ್ಕೆ ಟ್ರಂಕು ಹೊತ್ತುಕೊಂಡು ಮನೆಗೆ ಬಂದಳು. ಯಾಕೆ ಎಂದು ನಾವು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಬಂದವಳು ಅಳುತ್ತ ಕೂರಲಿಲ್ಲ, ನಮ್ಮೂರಿನಲ್ಲೇ ಬಿ.ಎ. ಮುಗಿಸಿದಳು, ಆಮೇಲೆ ವಿಶ್ವವಿದ್ಯಾಲಯಕ್ಕೆ ಸೇರಿದಳು. ಅಲ್ಲಿ ಅವಳು ಓದಿದ್ದು ಸಾರ್ವಜನಿಕ ಸಂಪರ್ಕ. ಜೊತೆಗೆ ಆ ವರ್ಷ ಹೊಸದಾಗಿ, ಇಂಟರ್‌ನೆಟ್ಟಿನಲ್ಲಿ ಜನ ಗುಂಪು ಕಟ್ಟಿಕೊಂಡು ಮಾತಾಡುವ ತಾಣಗಳ ಬಗ್ಗೆಯೂ ಪಾಠ ಇತ್ತಂತೆ. ಎರಡು ಸಾವಿರದ ಎಂಟು, ಒಂಬತ್ತರ ಮಾತು ಇದು. ಅವಳ ಜೊತೆ ಓದುವವರೆಲ್ಲ ಅವಳಿಗಿಂತ ಚಿಕ್ಕವರು. ಅವರೂ ಅವಳನ್ನು ಅಕ್ಕಾರ ಎಂದೇ ಕರೆಯುತ್ತಿದ್ದರು.

ಅವ್ವನಿಗೆ ಈ ಓದು ಏನೆಂದು ತಿಳಿಯಲಿಲ್ಲ.

"ಏನ ಕಲಿಯಾಕ ಹತ್ತೀದೀಯವಾ ನೀ?"

"ಮಂದಿಗೆ ಒಂದು ಸಂಸ್ಥಾದ ಮ್ಯಾಲ ನಂಬಿಕಿ ಹುಟ್ಟೂ ಹಂಗ ಹೆಂಗ ಮಾಡೂದು ಅಂತ."

"ಅದಕ್ಕ ಎರಡು ವರ್ಷ ಬೇಕಾ? ಬಂದವರಿಗೆ ಕುಂಡ್ರಿಸಿ ಒಂದು ಕಪ್ ಚಹಾ ಕೊಟ್ರ ಆತು."

ಅಕ್ಕ ಅದನ್ನು ಬರೆದುಕೊಂಡು ಹೋಗಿ ಕ್ಲಾಸಿನಲ್ಲಿ ಹೇಳಿದಳಂತೆ. ಅವಳ ಸರ್ ಬಹಳ ನಕ್ಕರಂತೆ.

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ನನ್ನ ಹತ್ತಿರ ಒಂದು ಆಟೋ ಇತ್ತು, ಅದರ ನೆತ್ತಿಯ ಮೇಲೆ ಎರಡು ಭೋಂಗಾ ಸ್ಪೀಕರು, ಕೈಯಲ್ಲಿ ಮೈಕು. ಸೀರೆ ಸೇಲ್, ಕಣ್ಣಿನ ತಪಾಸಣೆ, ಕಳೆದುಹೋದ ಎಮ್ಮೆ, ಯಾವುದೇ ಇರಲಿ, ಬೈಲಹೊಂಗಲದಿಂದ ಮುರಗೋಡದವರೆಗೆ ಸಾರುವವನು ನಾನೇ. ನನಗೆ ದನಿ ಇತ್ತು. ಎಲ್ಲರೂ ಹಾಗೆ ಹೇಳುತ್ತಿದ್ದರು, ನಾನೂ ನಂಬಿದ್ದೆ.

ಆ ವರ್ಷ ಊರ ಹೊರಗಿನ ಬಯಲಿನಲ್ಲಿ ಒಂದು ನಾಟಕ ಕಂಪನಿ ತಗಡಿನ ಥಿಯೇಟರು ಹಾಕಿತ್ತು. ಸೊಸೆಯೊಬ್ಬಳು ಅತ್ತೆಯನ್ನು ಹದ್ದುಬಸ್ತಿಗೆ ತರುವ ನಾಟಕ. ಅದರ ಪ್ರಚಾರ ನನ್ನದು. ಕಂಪನಿ ನಾಟಕದ ಪ್ರಚಾರಕ್ಕೆ ಒಂದು ಪದ್ಧತಿ ಇದೆ: ಮೊದಲ ವಾರ ಕಳೆಯುತ್ತಲೇ "ಇಂದೇ ಕಡೇ ಆಟ" ಎನ್ನಬೇಕು. ಆಮೇಲೆ ದಿನವೂ ಹಾಗೇ ಎನ್ನಬೇಕು. ನಾನು "ಇಂದೇ... ಇಂದೇ... ಇಂದೇ..." ಎಂದು ಮೂರು ಸಲ ದನಿ ಏರಿಸಿ, "ಕಡೇ ಆಟ" ಎನ್ನುವಾಗ ತವರು ಬಿಟ್ಟು ಹೋಗುವ ಮಗಳ ಹಾಗೆ ಇಳಿಸುತ್ತಿದ್ದೆ. ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಹೆಂಗಸರು ಮೊರ ಬಿಟ್ಟು ನೋಡುತ್ತಿದ್ದರು.

ಅಕ್ಕನ ಕಡೆಯ ಪರೀಕ್ಷೆಗೆ ಒಂದು ಕೆಲಸ ಕೊಟ್ಟಿದ್ದರು. ಯಾವುದಾದರೂ ಒಂದು ಸಂಸ್ಥೆಯ ಪ್ರಚಾರವನ್ನು ತಾವೇ ಮಾಡಿ ತೋರಿಸಬೇಕು. ಸರ್ ಬಂದು ನೋಡುತ್ತಾರೆ. ಯಾರದು ಎಲ್ಲಕ್ಕಿಂತ ಚೆನ್ನಾಗಿರುತ್ತದೋ ಅವರ ಹೆಸರನ್ನು ಬೆಳಗಾವಿಯ ಒಂದು ದೊಡ್ಡ ಆಸ್ಪತ್ರೆಯ ಸಂಪರ್ಕಾಧಿಕಾರಿ ಹುದ್ದೆಗೆ ಕಳಿಸುವುದಾಗಿ ಸರ್ ಹೇಳಿದ್ದರು. ಅಕ್ಕನಿಗೆ ಆ ನೌಕರಿ ಬೇಕಾಗಿತ್ತು. "ತಮ್ಮಾ, ಮಂದಿ ಬಂದು ಕೇಳಿದ್ರ, ಅಕಿ ಅಲ್ಲೆ ಕುಂತಾಳ ನೋಡು ಅಂತ ತೋರಸೂ ಹಂಗ ನಂದೂ ಒಂದು ಕುರ್ಚಿ ಇರಬೇಕು," ಎಂದಿದ್ದಳು. ಅವಳು ತನಗಾಗಿ ಏನನ್ನಾದರೂ ಬೇಕು ಎಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅವಳು ಆರಿಸಿಕೊಂಡಿದ್ದು ನಾನು ಸಾರುತ್ತಿದ್ದ ನಾಟಕ ಕಂಪನಿಯನ್ನು. ಮಾಲಕರ ಎದುರು ಕುಳಿತು ಕೇಳಿದಳು:

"ಮಾಲಕರ, ಇವತ್ತ ಕಡೇ ಆಟ ಅಂತ ಯಾವಾಗಿಂದ ಹೇಳಸಾಕ ಹತ್ತೀರಿ?"

"ಗಣಪತಿ ಹಬ್ಬದಿಂದವಾ."

"ದೀಪಾವಳಿ ಆತಲ್ರಿ."

"ನೋಡು ತಂಗೀ, ನಾಳೆ ಐತಿ ಅಂದ್ರ ಈ ಊರ ಮಂದಿ ನಾಳೆ ಬರತೇವಿ ಅಂತಾರ. ನಾಳೆನೂ ಹಂಗ ಅಂತಾರ. ಖರೇ ಹೇಳಿ ನಾಟಕ ನಡಸಾಕ ಆಗೂದಿಲ್ಲ."

"ಮಂದಿಗೆ ಒಮ್ಮೆ ಸುಳ್ಳು ತಿಳೀತಂದ್ರ ಆಮ್ಯಾಲ ಖರೇನೂ ಅವರ ಕಿವಿಗೆ ಬೀಳೂದಿಲ್ರಿ," ಎಂದಳು ಅಕ್ಕ. ಕಂಪನಿ ರಾಮದುರ್ಗಕ್ಕೆ ಹೋಗುವುದು ಯಾವಾಗ ಎಂದು ಕೇಳಿದಳು. ದೀಪಾವಳಿಯ ಮುಂದಿನ ಅಮಾವಾಸ್ಯೆ, ಛಟ್ಟಿ ಅಮಾವಾಸ್ಯೆಗೆ ಎಂದರು. ಹಾಗಾದರೆ ಅಲ್ಲಿಯವರೆಗೆ ಆಟ ಇದೆ ಎಂದೇ ಸಾರೋಣ, ಕಡೇ ದಿನ ಮಾತ್ರ ಕಡೇ ಎನ್ನೋಣ, ಆ ದಿನ ಥಿಯೇಟರು ತುಂಬದಿದ್ದರೆ ಕೇಳಿರಿ ಎಂದಳು. ಬಿಟ್ಟಿ ಪ್ರಚಾರ ಯಾರಿಗೆ ಬೇಡ, ಮಾಲಕರು ಒಪ್ಪಿದರು. ಅವಳು ಹೊರಗೆ ಹೋದ ಮೇಲೆ ನನ್ನ ಹೆಗಲು ಹಿಡಿದು, "ತಮ್ಮಾ, ಅಕ್ಕನ ಪರೀಕ್ಷಾನೂ ಆಗ್ಲಿ, ನಮ್ಮ ಕಲೆಕ್ಷನ್ನೂ ಆಗ್ಲಿ," ಎಂದರು.

ಮೊದಲೆರಡು ದಿನ ನಾನು ಪ್ರಾಮಾಣಿಕನಾಗಿಯೇ ಇದ್ದೆ. "ಅಮಾವಾಸ್ಯೆಯವರೆಗೂ ನಾಟಕ ಇರುತ್ತದೆ, ಅನುಕೂಲವಿದ್ದ ದಿನ ಬನ್ನಿರಿ" ಎಂದು ಸಾರಿದೆ. ನನ್ನ ಕಿವಿಗೇ ಅದು ಬಸ್ಸಿನ ವೇಳಾಪಟ್ಟಿ ಓದಿದ ಹಾಗಿತ್ತು. ಯಾರೂ ಮೊರ ಕೆಳಗಿಡಲಿಲ್ಲ. ಬಜಾರಿನ ಹೂವಿನವಳು, "ಯಾಕೋ, ದನಿಗೆ ನೆಗಡಿ ಆಗೇತೇನು?" ಎಂದಳು. ಅವಳ ಆ ಮಾತು ಮಾಲಕರ ಮಾತಿಗಿಂತ ಹೆಚ್ಚಾಗಿ ನನ್ನನ್ನು ಕೆಡಿಸಿತು.

ಮೂರನೆಯ ದಿನದಿಂದ ನಾನು ಧಾರವಾಡದ ಬಸ್ಸು ನೋಡಿಕೊಂಡು ಸಾರತೊಡಗಿದೆ. ಅಕ್ಕ ಊರಿನಲ್ಲಿ ಇಲ್ಲದ ಹೊತ್ತಿನಲ್ಲಿ ಇಂದೇ ಕಡೇ ಆಟ. ಅವಳ ಬಸ್ಸು ಬರುವ ಹೊತ್ತಿಗೆ ಅಮಾವಾಸ್ಯೆಯವರೆಗೂ ಆಟ. ಅವಳು ಸೆಂಟರಿನ ಕಿಟಕಿಯ ಹತ್ತಿರ ಕೂರುತ್ತಿದ್ದುದರಿಂದ ಸತ್ಯವನ್ನು ಬಸ್ ಸ್ಟ್ಯಾಂಡಿನ ಸುತ್ತ ಮಾತ್ರ ಹೇಳಿದರೆ ಸಾಕಾಗುತ್ತಿತ್ತು. ಉಳಿದ ಊರಿಗೆಲ್ಲ ಹಳೆಯದೇ. ಒಂದು ದಿನ ಬಸ್ಸು ಹೊತ್ತಿಗೆ ಮೊದಲೇ ಬಂದುಬಿಟ್ಟಿತು. ನಾನು "ಇಂದೇ... ಇಂದೇ..." ಎನ್ನುತ್ತಿದ್ದವನು ಅವಳು ಇಳಿಯುವುದನ್ನು ಕಂಡು, "ಇಂದೇ ನೋಡಬೇಕೆಂದೇನೂ ಇಲ್ಲ" ಎಂದು ಮುಗಿಸಿದೆ.

ಅಕ್ಕ ಅತ್ತ ಇಂಟರ್‌ನೆಟ್ಟಿನಲ್ಲಿ ಕಂಪನಿಗಾಗಿ ಒಂದು ಗುಂಪು ಕಟ್ಟಿದ್ದಳು. ನಟರ ಫೋಟೋ ಹಾಕುತ್ತಿದ್ದಳು, ಯಾವತ್ತಿನವರೆಗೆ ಆಟ ಇದೆ ಎಂದು ಬರೆಯುತ್ತಿದ್ದಳು. ಖಳನಾಯಕನ ಪಾತ್ರದವರನ್ನು ಕರೆತಂದು ಕೂರಿಸಿ, ಜನ ಕೇಳಿದ ಪ್ರಶ್ನೆಗಳಿಗೆ ಅವರಿಂದ ಉತ್ತರ ಹೇಳಿಸಿ ಕುಟ್ಟುತ್ತಿದ್ದಳು. ಅವರು ಬಹಳ ನಾಚಿಕೆಯ ಮನುಷ್ಯ. "ನಿಜಜೀವನದಲ್ಲೂ ನೀವು ಹೀಗೆಯೇ?" ಎಂದು ಯಾರೋ ಕೇಳಿದ್ದಕ್ಕೆ ಬೆವತುಹೋಗಿ, "ಇಲ್ಲಂತ ಬರೀರೆವಾ, ನಮ್ಮ ಮನ್ಯಾಗ ಕೇಳಿದ್ರೂ ನಡೀತೈತಿ," ಎಂದರಂತೆ. ಗುಂಪಿನಲ್ಲಿ ಅವಳ ಜೊತೆ ಓದುವವರು, ಅವರ ಗೆಳೆಯರು, ಮತ್ತೆ ದೂರದ ಗಡಿಯಲ್ಲಿದ್ದ ಮುರಗೋಡದ ಒಬ್ಬ ಸೈನಿಕ ಇದ್ದರು. ತಾನು ರಜೆಗೆ ಬರುವ ತನಕ ಆಟ ಇರುತ್ತದೆಯೇ ಎಂದು ಅವನು ಮತ್ತೆ ಮತ್ತೆ ಕೇಳುತ್ತಿದ್ದ. ಇರುತ್ತದೆ ಎಂದು ಅಕ್ಕ ಪ್ರತಿ ಸಲ ಬರೆಯುತ್ತಿದ್ದಳು.

ಒಂದು ಸಂಜೆ ಅವಳು ಅಡುಗೆಮನೆಯಿಂದಲೇ ಕೇಳಿದಳು:

"ತಮ್ಮಾ, ಆ ಸೈನಿಕರ ಅವ್ವ ಫೋನಿನ್ಯಾಗ ಇವತ್ತ ಕಡೇ ಆಟಂತ ಅಂದ್ರಂತ. ಮುರಗೋಡದಾಗ ಬ್ಯಾರೆ ಯಾರರೆ ಮೈಕಿನ ಗಾಡಿ ಹೊಡೀತಾರೇನೊ?"

"ಸವದತ್ತಿ ಕಡೆಯವ ಒಬ್ಬ ಅದಾನ," ಎಂದೆ.

ಅಕ್ಕ ಹಿಟ್ಟು ನಾದುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಆಮೇಲೆ ಮತ್ತೆ ನಾದಿದಳು.

ಕಡೇ ದಿನ ಬಂತು. ಸಂಜೆಯ ಆಟಕ್ಕೆ ಸರ್ ಬರುವವರಿದ್ದರು. ಅಂದು ಬೆಳಗಿನಿಂದ ನಾನು ಹೊಟ್ಟೆಯೊಳಗಿನ ದನಿಯನ್ನೆಲ್ಲ ತೆಗೆದು ಸಾರಿದೆ. ಕ್ಷೌರದ ಅಂಗಡಿಯವನು ಕತ್ತರಿ ಆಡಿಸುತ್ತಲೇ, "ಹೂಂ, ನಾಳೆ ಮತ್ತ ಇದ ಟೈಮಿಗೆ ಬಾ," ಎಂದ. ನೀರಿಗೆ ನಿಂತ ಹೆಂಗಸರು, "ಮೊನ್ನಿನೂ ಕಡೇನ ಇತ್ತಲ್ಲೊ," ಎಂದರು. ಮಧ್ಯಾಹ್ನದ ಹೊತ್ತಿಗೆ ನನಗೆ ಜೀವ ಹಾರಿತು. ಮೈಕಿನಲ್ಲಿಯೇ, "ಎಲ್ಲವ್ವನಾಣಿ, ಇವತ್ತ ಖರೇನ ಕಡೇ, ನಂಬ್ರಿ," ಎಂದುಬಿಟ್ಟೆ. ಓಣಿಗೆ ಓಣಿಯೇ ನಕ್ಕಿತು. "ಇದು ಹೊಸಾ ಐಟಮ್, ಚಲೋ ಐತಿ," ಎಂದು ಚಹಾದ ಅಂಗಡಿಯಲ್ಲಿ ಮೆಚ್ಚಿಕೊಂಡರು.

ಸಂಜೆ ತಗಡಿನ ಥಿಯೇಟರಿನಲ್ಲಿ ಕುರ್ಚಿಗಳೇ ಕುರ್ಚಿಗಳು. ಮುರಗೋಡದ ಸೈನಿಕ ತನ್ನ ಅವ್ವ, ಹೆಂಡತಿ, ಬೀಗರನ್ನು ಟೆಂಪೋದಲ್ಲಿ ತುಂಬಿಕೊಂಡು ಬಂದಿದ್ದ. ಅಕ್ಕನ ಜೊತೆ ಓದುವವರು ಕೆಲವರು ಇದ್ದರು. ಸೆಂಟರಿನ ಹುಡುಗ ಇದ್ದ. ಅಂದರೆ ಬಂದವರೆಲ್ಲ ಅಕ್ಕ ಬರೆದದ್ದನ್ನು ನಂಬಿ ಬಂದವರು. ನಾನು ಸಾರಿದ್ದನ್ನು ಕೇಳಿದವರು ಯಾರೂ ಬಂದಿರಲಿಲ್ಲ. ಅತ್ತೆಯ ಪಾತ್ರದವರು ಪರದೆಯ ಸಂದಿಯಿಂದ ಇಣುಕಿ, "ನಾವ ಹೆಚ್ಚು ಮಂದಿ ಅದೇವಿ," ಎಂದದ್ದು ಹೊರಗೆಲ್ಲ ಕೇಳಿಸಿತು.

ಸರ್ ಸುತ್ತಲೂ ನೋಡಿ ಕೇಳಿದರು:

"ಏನಮ್ಮಾ, ಇಷ್ಟು ದಿನ ಊರ ತುಂಬ ಮೈಕ್ ಹಚ್ಚೀರಿ. ಊರು ಎಲ್ಲೈತಿ?"

"ಊರು ನಂಬಲಿಲ್ರಿ ಸರ್."

"ಯಾಕ?"

ಅಕ್ಕ ನನ್ನ ಕಡೆ ನೋಡಿದಳು. ನಾನು ಅವರಿಬ್ಬರ ಪಕ್ಕದಲ್ಲೇ ನಿಂತಿದ್ದೆ. ಸಿಟ್ಟಿನ ನೋಟವಲ್ಲ ಅದು. ಮಾತಾಡುವುದಿದ್ದರೆ ಮಾತಾಡು ಎಂದು ದಾರಿ ಬಿಟ್ಟುಕೊಟ್ಟ ಹಾಗಿತ್ತು. ಸುಳ್ಳು ಸಾರಿದವನು ನಾನು ಸರ್, ಅವಳಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಊರಿಗೆಲ್ಲ ಕೇಳುವ ಹಾಗೆ ಕೂಗುವ ನಾನು ಬಗ್ಗಿ ಒಂದು ಕುರ್ಚಿಯನ್ನು ಸರಿಮಾಡಿದೆ. ಸರಿಯಾಗಿಯೇ ಇತ್ತು ಅದು.

"ಪ್ರಚಾರ ನಂದ್ರಿ ಸರ್," ಎಂದಳು ಅಕ್ಕ. "ತಪ್ಪೂ ನಂದ."

ಸರ್ ತಲೆ ಆಡಿಸಿದರು. ಆಸ್ಪತ್ರೆಯ ಹುದ್ದೆಗೆ ತನ್ನ ಸೋದರಮಾವನ ಟ್ರ್ಯಾಕ್ಟರ್ ಅಂಗಡಿಯ ಪ್ರಚಾರ ಮಾಡಿದ ಹುಡುಗನ ಹೆಸರು ಹೋಯಿತು. ಅಕ್ಕನಿಗೆ ಎರಡನೇ ದರ್ಜೆ ಬಂತು. ಅವ್ವ, "ಚಹಾ ಕೊಟ್ಟಿರಲಿಕ್ಕಿಲ್ಲ ಬಿಡು," ಎಂದಳು. ಅಕ್ಕ ನಕ್ಕಳು. ನನಗೆ ನಗು ಬರಲಿಲ್ಲ.

ಸ್ವಲ್ಪ ಕಾಲಕ್ಕೆ ರಾಮದುರ್ಗದ ಒಂದು ಖಾಸಗಿ ಕಾಲೇಜಿನಲ್ಲಿ ಅವಳಿಗೆ ಪಾಠ ಹೇಳುವ ಅರೆಕಾಲಿಕ ಕೆಲಸ ಸಿಕ್ಕಿತು. ಅಲ್ಲಿಯೇ ಒಂದು ಖೋಲಿ ಹಿಡಿದಳು. ನನ್ನ ಮದುವೆ ಮಾಡಿದಳು, ನನ್ನ ಮಕ್ಕಳಿಗೆ ಅಕ್ಷರ ತಿದ್ದಿಸಿದಳು. ನಾನು ಮೈಕಿನಲ್ಲಿ ಓದುವ ಸಾಲುಗಳನ್ನು ಎಷ್ಟೋ ಸಲ ಫೋನಿನಲ್ಲಿ ಹೇಳಿಕೊಟ್ಟಳು. ಆ ಸಂಜೆಯ ಮಾತನ್ನು ಮಾತ್ರ ಎಂದೂ ತೆಗೆಯಲಿಲ್ಲ. ಅವಳಿಗೆ ಪೂರ್ತಿ ಗೊತ್ತಿರಲಿಕ್ಕಿಲ್ಲ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ.

ಕೆಲವು ವರ್ಷಗಳ ಮೇಲೆ ಆ ಕಾಲೇಜಿನ ಹುಡುಗಿಯೊಬ್ಬಳು ನಮ್ಮೂರ ಕಡೆ ತಮ್ಮ ಸ್ನೇಹ ಸಮ್ಮೇಳನದ ಪ್ರಚಾರಕ್ಕೆ ನನ್ನ ಆಟೋ ಗೊತ್ತುಮಾಡಲು ಬಂದಳು. ನಾನು ಯಾರ ತಮ್ಮನೆಂದು ಅವಳಿಗೆ ಗೊತ್ತಿರಲಿಲ್ಲ. ಭೋಂಗಾ ನೋಡಿ ನಕ್ಕಳು.

"ಕಾಕಾರ, ನಮ್ಮ ಮೇಡಂ ಪಾಠದಾಗ ನಿಮ್ಮಂಥವರ ಒಬ್ಬರ ಕಥಿ ಬರ್ತೈತ್ರಿ. ಅವ ಧಾರವಾಡ ಬಸ್ಸಿನ ಟೈಮ್ ನೋಡಿ ಖರೇ ಹೇಳತಿದ್ನಂತ, ಬಸ್ಸು ಇಲ್ಲದಾಗ ಸುಳ್ಳು ಹೇಳತಿದ್ನಂತ. ನಾವು ನಕ್ಕು ನಕ್ಕು ಸಾಯ್ತೇವ್ರಿ."

"ಯಾರಂತ ಅವ?"

"ಹೆಸರು ಹೇಳೂದಿಲ್ರಿ ಅವರು. ಕೇಳಿದ್ರ, ಅವನ ದನಿ ಭಾಳ ಚಲೋ ಇತ್ತು ಅಂತಾರ. ಅಷ್ಟ."

ಆ ಭಾನುವಾರ ರಾಮದುರ್ಗಕ್ಕೆ ಹೋದೆ. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಅವಳು ಏನೆನ್ನುತ್ತಾಳೆಂದು ದಾರಿಯುದ್ದಕ್ಕೂ ನಾನೇ ಕಟ್ಟಿಕೊಂಡು ಹೋಗಿದ್ದೆ: ಇರಲಿ ಬಿಡೊ, ಹಳೇ ಮಾತು, ಎನ್ನುತ್ತಾಳೆ, ನಾನು ಕಣ್ಣು ಒರೆಸಿಕೊಳ್ಳುತ್ತೇನೆ, ಊಟ ಮಾಡುತ್ತೇವೆ.

"ಅಕ್ಕಾ, ಅವತ್ತ ನಿಮ್ಮ ಸರ್ ಮುಂದ ನಾ ಮಾತಾಡಬೇಕಿತ್ತು," ಎಂದೆ.

ಅವಳು ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಅದು ಉಬ್ಬುವವರೆಗೆ ನೋಡುತ್ತ ಕುಳಿತಳು.

"ಹೌದು," ಎಂದಳು. "ಮಾತಾಡಬೇಕಿತ್ತು."

ಆಮೇಲೆ ಆ ಬಿಸಿ ರೊಟ್ಟಿಯನ್ನು ನನ್ನ ತಾಟಿಗೆ ಹಾಕಿ, ಇನ್ನೊಂದಕ್ಕೆ ಹಿಟ್ಟು ತೆಗೆದುಕೊಂಡಳು.