ಹುಳದ್ದೋ, ಹೊಟ್ಟೆಯದ್ದೋ

ಮಣಿಪಾಲದ ಲ್ಯಾಬಿನಲ್ಲಿ ನಾನು ಸಾಕುತ್ತಿದ್ದ ಪ್ರಾಣಿ ಕಣ್ಣಿಗೆ ಕಾಣುವಂಥದ್ದಲ್ಲ. ರೋಟಿಫರ್ ಎಂದು ಹೆಸರು. ನಾವು ಹುಳ ಎನ್ನುತ್ತಿದ್ದೆವು. ಕಾರ್ಕಳದ ಒಂದು ಹಳೆಯ ಗೋಡೆಯ ಪಾಚಿಯಿಂದ ತಂದದ್ದು. ಇವುಗಳಲ್ಲಿ ಗಂಡೇ ಇಲ್ಲ, ಎಲ್ಲವೂ ಒಂದೇ ತಾಯಿಯ ಸಂತಾನ. ಭಾನುವಾರವೂ ಅವಕ್ಕೆ ಆಹಾರ ಹಾಕಲಿಕ್ಕೆ ಕಾಪುವಿನಿಂದ ಬಸ್ಸು ಹತ್ತುತ್ತಿದ್ದೆ. "ಎಂತ ಮಾರಾಯ್ತಿ, ದನ ಸಾಕಿದವರಿಗೂ ಇಷ್ಟು ಕಷ್ಟ ಇಲ್ಲ" ಎಂದು ಅಮ್ಮ ಗೊಣಗುತ್ತಿದ್ದರು.

ಈ ಹುಳಗಳ ಡಿಎನ್‌ಎಯಲ್ಲಿ ಬ್ಯಾಕ್ಟೀರಿಯಾದ ಒಂದು ಜೀನ್ ಸಿಕ್ಕಿತ್ತು. ಅದು ಯಾವುದೋ ಕಾಲದಲ್ಲಿ ಒಳಗೆ ಸೇರಿ ಹುಳದ್ದೇ ಆಗಿಹೋಗಿದೆಯೋ, ಅಲ್ಲ, ಹುಳ ತಿಂದ ಬ್ಯಾಕ್ಟೀರಿಯಾ ಹೊಟ್ಟೆಯಲ್ಲಿ ಉಳಿದು ನಮ್ಮನ್ನು ಮಂಗ ಮಾಡುತ್ತಿದೆಯೋ? ನನ್ನ ಪಿಎಚ್‌ಡಿ ಪೂರ್ತಿ ಇದರ ಮೇಲೆ ನಿಂತಿತ್ತು. ಹುಳದ ಸ್ವಂತ ಜೀನೂ ಈ ಹೊರಗಿನ ಜೀನೂ ಡಿಎನ್‌ಎಯ ಒಂದೇ ಉದ್ದನೆಯ ತುಂಡಿನಲ್ಲಿ ಅಂಟಿಕೊಂಡು ಸಿಕ್ಕಿದರೆ ಮಾತ್ರ ಅದು ಹುಳದ್ದೇ ಎನ್ನಬಹುದು.

ಆಗಲೇ ಹುಳ ಸಾಕುವ ತಟ್ಟೆಗಳಿಗೆ ಬೂಷ್ಟು ಹಿಡಿಯಿತು. ಬೆಳಿಗ್ಗೆ ನೋಡಿದರೆ ಹೆಚ್ಚಿನವು ಸತ್ತಿದ್ದವು. ಹೊಸ ಪಾಚಿಗೆಂದು ಕಾರ್ಕಳಕ್ಕೆ ಓಡಿದೆ. ಗೋಡೆಯನ್ನು ತಿಕ್ಕಿ ತೊಳೆದು ಪೈಂಟ್ ಹೊಡೆದಿದ್ದರು. ಅಲ್ಲೇ ನಿಂತು ಯಾರಿಗೆಂದಿಲ್ಲದೆ ಬೈದೆ.

ವಾಪಸ್ ಬಂದಾಗ ಗೈಡ್ ಮೇಡಂ ಮೈಕ್ರೋಸ್ಕೋಪಿನ ಮುಂದೆ ಕುಳಿತಿದ್ದರು. "ಉಳಿದದ್ದನ್ನೆಲ್ಲ ಇವತ್ತೇ ಅರೆದರೆ ಒಂದು ಪರೀಕ್ಷೆಗೆ ಸಾಕಾಗುವಷ್ಟು ಡಿಎನ್‌ಎ ಉಂಟು. ಇಟ್ಟುಕೊಂಡರೆ ಬದುಕಲೂಬಹುದು, ನಾಳೆಗೆ ಒಂದೂ ಇಲ್ಲದೆಯೂ ಹೋಗಬಹುದು. ಸಾಕಿದವಳು ನೀನು, ನೀನೇ ಹೇಳು" ಎಂದರು.

ಇಂಥ ಹೊತ್ತಿಗೇ ನನ್ನ ತಲೆಗೆ ಕಟ್ಟುತ್ತಾರಲ್ಲ ಎಂದು ಸಿಟ್ಟು ಬಂತು. ಲೆನ್ಸಿನೊಳಗೆ ಕೆಲವು ಹುಳಗಳು ಏನೂ ಆಗದವರ ಹಾಗೆ ಇನ್ನೂ ತಿನ್ನುತ್ತಿದ್ದವು.

"ಅರೆಯುವ" ಎಂದೆ. ಒಂದೊಂದನ್ನೇ ಎತ್ತಿ ತೊಳೆದು ಅರೆದೆ, ಬೇಸರವೂ ಹೆದರಿಕೆಯೂ ಒಟ್ಟಿಗೆ.

ಮರುದಿನ, ಡಿಎನ್‌ಎ ತುಂಡುಗಳನ್ನು ಉದ್ದ ನೋಡಿ ಬೇರೆ ಮಾಡುವ ಜೆಲ್ಲನ್ನು ದೀಪದ ಮೇಲಿಟ್ಟೆವು. ಹೋಲಿಕೆಗೆಂದು ಬರೀ ನೀರು ಹಾಕಿದ ಸಾಲು ಖಾಲಿ. ಹುಳದ ಸಾಲಿನಲ್ಲಿ, ಬೇಕಾದ ಅಳತೆಯಲ್ಲೇ, ಒಂದು ಗೆರೆ ಹೊಳೆಯುತ್ತಿತ್ತು. ಎರಡೂ ಜೀನು ಅಂಟಿಕೊಂಡೇ ಇದ್ದವು. ಅದು ಹುಳದ್ದೇ ಆಗಿತ್ತು.

ಮೇಡಂ ಗೆರೆಯ ಅಳತೆಯನ್ನು ತಾವೇ ಇನ್ನೊಮ್ಮೆ ನೋಡಿದರು. "ನನಗೆ ನಂಬಿಕೆ ಬಂತು" ಎಂದರು. "ಆದರೆ ಥೀಸಿಸ್ ನೋಡುವ ಹೊರಗಿನವರು, ಹೊಸ ಹುಳಗಳಲ್ಲಿ ಇನ್ನೊಮ್ಮೆ ತೋರಿಸಿ ಎನ್ನುತ್ತಾರೆ."

"ಎಲ್ಲಿಂದ ತರಲಿ ಮೇಡಂ?"

ನನ್ನ ಸ್ವರ ಏರಿತ್ತು. ಅವರ ಮುಂದೆ ನಾನು ಯಾವತ್ತೂ ಹಾಗೆ ಮಾತಾಡಿದವಳಲ್ಲ. ಅವರು ಗದರಲಿಲ್ಲ. ಖಾಲಿ ತಟ್ಟೆಗಳನ್ನು ಒಂದೊಂದಾಗಿ ತೊಳೆಯಲಿಕ್ಕೆ ಎತ್ತಿಟ್ಟರು.